ಹಕ್ಕಳೆ ಇಲ್ಲ ಎಂದು ಬರೆದಾಕೆ

ಬಾಮ್‌ಗೊಲ್ ಕಣಿವೆಯಲ್ಲಿ ಅಕ್ಟೋಬರ್ ತಿಂಗಳಲ್ಲಿ ಜ್ವರ ಎಂದು ಯಾರು ಬಾಗಿಲು ತಳ್ಳಿಕೊಂಡು ಬಂದರೂ ನಾಮ್‌ಸುಕ್ ಹೇಳುತ್ತಿದ್ದ ಮೊದಲ ಮಾತು ಒಂದೇ: "ಬಟ್ಟೆ ಬಿಚ್ಚಿ."

ಮುದುಕರು ನಗುತ್ತಿದ್ದರು. "ನನ್ನ ಹೆಂಡ್ತೀನೇ ಈ ಮಾತು ಹೇಳಿ ಮೂವತ್ತು ವರ್ಷ ಆಯ್ತು ಕಣಮ್ಮ" ಎಂದು ಒಬ್ಬ ಅಂದಿದ್ದು ಊರಿಗೆಲ್ಲ ಹಬ್ಬಿ, ನಾಮ್‌ಸುಕ್‌ಳಿಗೆ "ಬಿಚ್ಚಿ ಸೋಜಾಂಗ್" ಎಂಬ ಹೆಸರೇ ಬಿದ್ದಿತ್ತು. ಸೋಜಾಂಗ್ ಎಂದರೆ ಆರೋಗ್ಯ ಕೇಂದ್ರದ ಮುಖ್ಯಸ್ಥೆ. ಮುಖ್ಯಸ್ಥೆಯೂ ಅವಳೇ, ನರ್ಸೂ ಅವಳೇ, ನೆಲ ಒರೆಸುವವಳೂ ಅವಳೇ. ಎರಡು ಕೋಣೆಯ ಆ ಕಟ್ಟಡದಲ್ಲಿ ಬೇರೆ ಯಾರೂ ಇರಲಿಲ್ಲ. ಡಾಕ್ಟರು ಬೇಕೆಂದರೆ ಬಸ್ಸಿನಲ್ಲಿ ಐವತ್ತು ನಿಮಿಷ ಬೆಟ್ಟ ಇಳಿದು ಪಟ್ಟಣಕ್ಕೆ ಹೋಗಬೇಕಿತ್ತು.

ಅವಳು ಆ ಮಾತು ಹೇಳುವುದಕ್ಕೆ ಕಾರಣವಿತ್ತು. ಕೊರಿಯಾದ ಚುಂಗ್‌ಚೊಂಗ್ ಸೀಮೆಯ ಈ ಬೆಟ್ಟಗಳಲ್ಲಿ ಶರತ್ಕಾಲ ಬಂದರೆ ಊರಿಗೆ ಊರೇ ಚೆಸ್ಟ್‌ನಟ್ ಕಾಡಿನಲ್ಲಿರುತ್ತದೆ. ಮುಳ್ಳಿನ ಚಿಪ್ಪು ಬಿರಿದು ಬಿದ್ದ ಕಾಯಿಗಳನ್ನು ಕುಕ್ಕರುಗಾಲಿನಲ್ಲಿ ಕೂತು ಆಯುವುದು, ಅಲ್ಲೇ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಉಣ್ಣುವುದು, ಬಿಸಿಲಿಗೆ ಸ್ವಲ್ಪ ಬೆನ್ನು ಚಾಚುವುದು. ಆ ಹುಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳಿರುತ್ತವೆ. ಬಟ್ಟೆಯೊಳಗೆ ನುಗ್ಗಿ, ಬಿಗಿಯಾದ, ಬೆವರುವ ಜಾಗ ಹುಡುಕಿ ಕಚ್ಚುತ್ತವೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ಹತ್ತು ದಿನ ಕಳೆದ ಮೇಲೆ ತಲೆ ಸಿಡಿಯುತ್ತದೆ, ಜ್ವರ ಏರುತ್ತದೆ, ಆಮೇಲೆ ಹೊಟ್ಟೆಯ ಮೇಲೆ, ಎದೆಯ ಮೇಲೆ ಕೆಂಪು ದದ್ದು ಏಳುತ್ತದೆ. ನೋಡಿದವರು ನೆಗಡಿ ಅನ್ನುತ್ತಾರೆ, ಮಾತ್ರೆ ಒಗ್ಗಲಿಲ್ಲ ಅನ್ನುತ್ತಾರೆ, ದಡಾರ ಅಂದವರೂ ಇದ್ದಾರೆ. ನಿಜವನ್ನು ಹೇಳುವ ಗುರುತು ಒಂದೇ. ನುಸಿ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂತೆ ಒಂದು ಕರಿ ಹಕ್ಕಳೆ ಕೂತಿರುತ್ತದೆ. ನೋಯುವುದಿಲ್ಲ, ತುರಿಸುವುದಿಲ್ಲ, ಹಾಗಾಗಿ ಅದನ್ನು ಹೊತ್ತವರಿಗೇ ಅದು ಗೊತ್ತಿರುವುದಿಲ್ಲ. ಅದು ಕಂಡಿತೋ, ಒಂದು ಅಗ್ಗದ ಮಾತ್ರೆಯಲ್ಲಿ ಎರಡು ದಿನಕ್ಕೆ ಜ್ವರ ಇಳಿಯುತ್ತದೆ. ಕಾಣದೆ ಹೋದರೆ ಮೂತ್ರಪಿಂಡ, ಶ್ವಾಸಕೋಶ, ಮಿದುಳು ಒಂದೊಂದಾಗಿ ಸೋಲುತ್ತವೆ.

ಆ ಊರಿಗೆ ಬಂದಾಗ ನಾಮ್‌ಸುಕ್‌ಳಿಗೆ ಇಪ್ಪತ್ತೇಳು. ಅಪ್ಪ ಸಂತೆಯಲ್ಲಿ ತೋಫು ಮಾರುತ್ತಿದ್ದ. ಅವನ ಐದು ಮಕ್ಕಳಲ್ಲಿ ಓದಿದವಳು ಇವಳೊಬ್ಬಳು. ಮೊದಲೆರಡು ವರ್ಷ ಊರಿನವರು ಇವಳನ್ನು ಮೂಸಿಯೂ ನೋಡಲಿಲ್ಲ. ಮೂರನೆಯ ಶರತ್ಕಾಲದಲ್ಲಿ, ಕುಡಿದು ಬಿದ್ದಿದ್ದಾನೆ ಎಂದು ಮನೆಯವರು ಕೈಬಿಟ್ಟಿದ್ದ ಒಬ್ಬ ಗಾರೆಯವನ ಮಂಡಿಯ ಹಿಂದೆ ಹಕ್ಕಳೆ ಹುಡುಕಿದಳು. ನಾಲ್ಕನೆಯ ದಿನ ಆತ ತಾನೇ ನಡೆದು ಬಂದು ಒಂದು ಚೀಲ ಚೆಸ್ಟ್‌ನಟ್ ಬಾಗಿಲಲ್ಲಿಟ್ಟು ಹೋದ. ಅಲ್ಲಿಂದ ಊರು ಅವಳದಾಯಿತು. ಇಪ್ಪತ್ತಾರು ವರ್ಷದಲ್ಲಿ ನಲವತ್ತಮೂರು ಹಕ್ಕಳೆ ಹುಡುಕಿದ್ದಳು. ಕಂಕುಳಲ್ಲಿ, ತೊಡೆಸಂದಿಯಲ್ಲಿ, ಹೊಕ್ಕುಳಲ್ಲಿ, ಒಬ್ಬಳ ಜಡೆಯ ಬುಡದಲ್ಲಿ. ಜಿಲ್ಲೆಯವರು ಬೇರೆ ಊರಿನ ನರ್ಸುಗಳಿಗೆ ಪಾಠ ಹೇಳಲು ಅವಳನ್ನೇ ಕರೆಯುತ್ತಿದ್ದರು. ಜ್ವರದವರ ದಾಖಲೆಯಲ್ಲಿ "ಮೈಯೆಲ್ಲ ಪರೀಕ್ಷೆ ಮಾಡಲಾಗಿದೆಯೇ? ಹಕ್ಕಳೆ ಇದೆಯೇ?" ಎಂಬ ಸಾಲು ಕಡ್ಡಾಯವಾಗಿ ಇರಬೇಕೆಂದು ಹಟ ಹಿಡಿದು ಸೇರಿಸಿದವಳೂ ಅವಳೇ.

ಪಿಲ್‌ಬುನ್ ಅಜ್ಜಿ ಜ್ವರದಲ್ಲಿ ಬಂದದ್ದು ಒಂದು ಮಂಗಳವಾರ. ಅಂದು ಮುದುಕರಿಗೆಲ್ಲ ಫ್ಲೂ ಲಸಿಕೆ ಹಾಕುವ ದಿನ.

ಪಿಲ್‌ಬುನ್‌ಗೆ ಎಪ್ಪತ್ತೊಂದು. ಕಣಿವೆಯಲ್ಲೇ ಅವಳಷ್ಟು ಬೇಗ ಚೆಸ್ಟ್‌ನಟ್ ಆಯುವವರು ಇರಲಿಲ್ಲ. ಅವಳೂ ಅವಳ ವಾರಗಿತ್ತಿ ಇಮ್‌ದೊಕ್ ಅಜ್ಜಿಯೂ ಒಂದೇ ಮನೆಯಲ್ಲಿದ್ದರು. ಗಂಡಂದಿರಾದ ಅಣ್ಣತಮ್ಮಂದಿರು ಇಬ್ಬರೂ ತೀರಿಹೋದ ಮೇಲೆ, ಎರಡು ಮನೆಗೆ ಎರಡು ಒಲೆ ಯಾಕೆ ಎಂದು ಒಂದಾದವರು. ಅಂದಿನಿಂದ ಒಂದು ದಿನವೂ ಜಗಳ ತಪ್ಪಿಸಿದವರಲ್ಲ. ಸಾರಿಗೆ ಉಪ್ಪು ಹೆಚ್ಚು ಎಂದು ಒಬ್ಬಳು, ನಿನ್ನ ನಾಲಿಗೆ ಸತ್ತಿದೆ ಎಂದು ಇನ್ನೊಬ್ಬಳು.

ಬೆಳಿಗ್ಗೆ ಎಂಟಕ್ಕೇ ಲಸಿಕೆಗೆ ಸಾಲು ಹತ್ತಿತ್ತು. ಕೂರಲು ಜಾಗವಿಲ್ಲದೆ ಮುದುಕಿಯರು ಜಗುಲಿಯವರೆಗೂ ನಿಂತಿದ್ದರು. ಹನ್ನೊಂದರ ಹೊತ್ತಿಗೆ ಪಿಲ್‌ಬುನ್ ಪರದೆಯ ಹಿಂದಿನ ಕುರ್ಚಿಯಲ್ಲಿ ಬಂದು ಕೂತಾಗ ನಾಮ್‌ಸುಕ್ ಇನ್ನೂ ಬೆಳಗಿನ ಊಟ ಮಾಡಿರಲಿಲ್ಲ.

"ನಂಗೆ ಲಸಿಕೆ ಬ್ಯಾಡ ಸೋಜಾಂಗ್. ನಾಲ್ಕು ದಿನದಿಂದ ಜ್ವರ. ತಲೆ ಒಡ್ದೋಗ್ತಿದೆ. ಇದೊಂದು ನೋಡಿ, ಏನೋ ಎದ್ದಿದೆ." ಅಜ್ಜಿ ತೋಳು ಸ್ವಲ್ಪ ಮೇಲೆಳೆದಳು. ಮೊಣಕೈ ಒಳಗಡೆ ನಸುಗೆಂಪು ದದ್ದುಗಳು. ನಾಮ್‌ಸುಕ್ ಬೆರಳಿಟ್ಟು ಒತ್ತಿದಳು. ಬಿಳಿಚಿ ಮತ್ತೆ ಕೆಂಪಾದವು.

"ಏನಾದ್ರೂ ಮಾತ್ರೆ ತಗೊಂಡ್ರಾ?"

"ಇಮ್‌ದೊಕ್ ಅಕ್ಕನ ಡಬ್ಬೀಲಿ ಇದ್ದಿದ್ದು ಎರಡು. ಬೀದಿ ಕೊನೇ ಮನೆಯೋಳು ಕೊಟ್ಟಿದ್ದು ಮೂರು."

ಅಜ್ಜಿ ತೊಟ್ಟಿದ್ದದ್ದು ಕಾಡಿಗೆ ಹೋಗುವ ಬಟ್ಟೆ. ಮೇಲೆ ಹತ್ತಿ ತುಂಬಿದ ಕೋಟು, ಅದರೊಳಗೆ ಸ್ವೆಟರು, ಅದರೊಳಗೆ ಇನ್ನೊಂದು, ಅದರೊಳಗೆ ಎಷ್ಟಿದ್ದವೋ. ನಾಲ್ಕು ದಿನದ ಜ್ವರದ ಬೆವರು, ಬೆನ್ನಿಗೆ ಅಂಟಿಸಿದ ನೋವಿನ ಪಟ್ಟಿಗಳು, ಒದ್ದೆಯಾಗಿ ಒಣಗಿದ ಉಣ್ಣೆ, ಎಲ್ಲ ಸೇರಿ ಗಪ್ಪೆಂದು ಹೊಡೆಯಿತು. ನಾಮ್‌ಸುಕ್ ಮುಖ ತಿರುಗಿಸಿದಳು. ಒಂದೇ ಕ್ಷಣ. ಪರದೆಯಾಚೆ ಯಾರೋ "ಇನ್ನೂ ಎಷ್ಟೊತ್ತಮ್ಮ, ಬಸ್ಸು ಹೋಗುತ್ತೆ" ಎಂದು ಕೂಗಿದರು.

ಅಂದು ಅವಳು "ಬಟ್ಟೆ ಬಿಚ್ಚಿ" ಅನ್ನಲಿಲ್ಲ.

ಬದಲಿಗೆ ಗದರಿದಳು. ಎದ್ದು ಪರದೆ ಸರಿಸುತ್ತ, ಹೊರಗಿದ್ದವರಿಗೆಲ್ಲ ಕೇಳುವ ಹಾಗೆ, "ಕಂಡೋರ ಮಾತ್ರೆ ನುಂಗ್ಬೇಡಿ ಅಂತ ಎಷ್ಟು ಸಲ ಹೇಳೋದು? ಮಾತ್ರೆ ಒಗ್ಗದೆ ಎದ್ದಿರೋ ದದ್ದು ಇದು. ಮಕ್ಕಳು ಮಿಠಾಯಿ ತಿಂದಂಗೆ ತಿಂತೀರಲ್ಲ!" ಎಂದಳು. ಸಾಲಿನಲ್ಲಿದ್ದವರು ನಕ್ಕರು. ಪಿಲ್‌ಬುನ್ ಕೂಡ ನಗುವ ಹಾಗೆ ಮಾಡಿ, ಕೊಟ್ಟ ಜ್ವರದ ಮಾತ್ರೆ, ದದ್ದಿನ ಮಾತ್ರೆ ಹಿಡಿದು ಗೋಡೆ ಹಿಡಿದುಕೊಂಡೇ ಹೊರಗೆ ಹೋದಳು.

ಮಧ್ಯಾಹ್ನ ದಾಖಲೆ ತುಂಬುವಾಗ ಆ ಸಾಲು ಬಂತು. ಅದನ್ನು ಬಿಟ್ಟರೆ ಕಂಪ್ಯೂಟರು ಮುಂದೆ ಹೋಗುವುದಿಲ್ಲ. "ಮೈಯೆಲ್ಲ ಪರೀಕ್ಷೆ: ಮಾಡಿದೆ. ಹಕ್ಕಳೆ: ಇಲ್ಲ." ನಾಮ್‌ಸುಕ್ ಅಷ್ಟು ಒತ್ತಿ ಮುಂದಿನ ಹೆಸರಿಗೆ ಹೋದಳು. ಸುಳ್ಳು ಬರೆಯುತ್ತಿದ್ದೇನೆ ಎಂದೂ ಅವಳಿಗೆ ಆಗ ಅನ್ನಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಇಮ್‌ದೊಕ್ ಅಜ್ಜಿ ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿ ಬಂದಳು. "ಏಳ್ತಾನೇ ಇಲ್ಲ ಅವ್ಳು! ನನ್ನ ಯಾರು ಅಂತ ಕೇಳ್ತಾಳೆ! ನಲವತ್ತೆಂಟು ವರ್ಷ ನನ್ನ ತಲೆ ತಿಂದೋಳು, ಯಾರು ಅಂತಾಳೆ!" ಅಂಬುಲೆನ್ಸು ಬಂದು ಪಿಲ್‌ಬುನ್‌ಳನ್ನು ಪಟ್ಟಣದ ಆಸ್ಪತ್ರೆಗೆ ಒಯ್ದಿತು.

ಅಂದು ಸಂಜೆ ನಾಲ್ಕಕ್ಕೆ ಫೋನು ಬಂತು. ಮೊಕ್ ಎಂಬ ಎಳೆಯ ಡಾಕ್ಟರು. ನಾಮ್‌ಸುಕ್ ಅವನನ್ನು ಬಲ್ಲಳು. ಹಿಂದಿನ ವರ್ಷ ಅವಳ ಪಾಠಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡಿದ್ದ.

"ಮೇಡಂ, ನಿಮ್ಮ ಪೇಷೆಂಟು ಪಿಲ್‌ಬುನ್ ಅವ್ರು. ಜ್ವರ, ದದ್ದು, ಪ್ಲೇಟ್‌ಲೆಟ್ ಕಮ್ಮಿ, ಮೂತ್ರ ಇಳೀತಾ ಇಲ್ಲ. ನಂಗೆ ಮೊದ್ಲು ಹುಲ್ಲುನುಸಿ ಜ್ವರಾನೇ ಅನ್ನಿಸ್ತು. ಆದ್ರೆ ನೀವು ಮೈಯೆಲ್ಲ ನೋಡಿ ಹಕ್ಕಳೆ ಇಲ್ಲ ಅಂತ ಬರ್ದಿದೀರಿ. ಮಾತ್ರೆ ದದ್ದು ಅಂತಲೂ ಇದೆ. ನೀವೇ ನೋಡಿದ್ರಾ?"

ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತಾಯಿತು ಎಂದು ನಾಮ್‌ಸುಕ್ ಮುಂದೆ ಬಹಳ ಸಲ ಲೆಕ್ಕ ಹಾಕಿದ್ದಾಳೆ. ಒಂದು ಉಸಿರಿನಷ್ಟು. ಇಲ್ಲ ಎಂದು ಹೇಳಲು ಅಷ್ಟು ಸಾಕಿತ್ತು.

"ಹೂಂ. ನೋಡಿದೆ" ಅಂದಳು.

"ನಿಮ್ಮ ಕಣ್ಣು ತಪ್ಪಿಸಿರಲ್ಲ ಬಿಡಿ. ನಾನೂ ಹೊಟ್ಟೆ, ಕಾಲು ನೋಡ್ದೆ, ಆಯಮ್ಮ ಎದೆ ಬಟ್ಟೆ ಬಿಗಿಯಾಗಿ ಹಿಡ್ಕೊಂಡು ಬಿಡ್ಲಿಲ್ಲ. ಹಂಗಿದ್ರೆ ಮಾತ್ರೆ ಅಲರ್ಜಿ, ಇಲ್ಲಾಂದ್ರೆ ಇಲಿಯಿಂದ ಬರೋ ಜ್ವರ. ಸದ್ಯಕ್ಕೆ ಇರೋ ಮಾತ್ರೆ ಎಲ್ಲ ನಿಲ್ಲಿಸ್ತೀನಿ. ರಕ್ತದ ರಿಪೋರ್ಟು ಬರ್ಲಿ."

ಶನಿವಾರ ಬೆಳಿಗ್ಗೆ ನಾಮ್‌ಸುಕ್ ಆಸ್ಪತ್ರೆಗೆ ಫೋನು ಮಾಡಿದಳು. ಯಾರೋ ಎತ್ತಿ "ಯಾವ ವಾರ್ಡು?" ಎಂದರು. ಅವಳು ಇಟ್ಟುಬಿಟ್ಟಳು. ಅವರೂ ಡಾಕ್ಟರೇ ಅಲ್ಲವೆ, ಅವರೂ ನೋಡುತ್ತಾರೆ ಎಂದುಕೊಂಡಳು. ಕೇಂದ್ರದ ಕಿಟಕಿಗಳನ್ನೆಲ್ಲ ತೊಳೆದಳು. ಮಧ್ಯಾಹ್ನ ಸಾರು ಬಿಸಿ ಮಾಡಿ ಉಣ್ಣದೆ ಹಾಗೇ ಬಿಟ್ಟಳು. ಕಾರಿನ ಕೀಲಿ ಕೈಯಲ್ಲಿ ಹಿಡಿದು ಹೊರಗೆ ಬಂದು, ಹೋಗಿ ಏನೆಂದು ಹೇಳುವುದು ಎಂದು ಹೊಳೆಯದೆ ಒಳಗೆ ಹೋದಳು. ಹೇಳಬೇಕಾದದ್ದು ಎರಡೇ ಮಾತು. ಅದು ಅವಳಿಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಹಕ್ಕಳೆ ಸಿಕ್ಕಿತು. ಹುಡುಕಿದವರು ಡಾಕ್ಟರಲ್ಲ, ನರ್ಸಲ್ಲ. ರೋಗಿಗಳ ಮೈ ಒರೆಸಿ ಉಣಿಸಲು ಕೂಲಿಗೆ ಬರುವ ಹೆಂಗಸು, ಚೀನಾದ ಯಾನ್‌ಬಿಯನ್ ಕಡೆಯವಳು. ಬಿಸಿನೀರಿನ ಬಟ್ಟೆಯಿಂದ ಅಜ್ಜಿಯ ಎಡ ಮೊಲೆಯನ್ನು ಎತ್ತಿ ಕೆಳಗಿನ ಮಡಿಕೆ ಒರೆಸುವಾಗ ಕರಿ ಬೊಟ್ಟು ಕಂಡು, "ಇದೇನಿದು, ಕೊಳೆ ಅಂದ್ರೆ ಹೋಗ್ತಾನೇ ಇಲ್ಲ" ಎಂದು ನರ್ಸನ್ನು ಕರೆದಳು.

ಮೊಕ್ ತಾನೇ ಫೋನು ಮಾಡಿ ಹೇಳಿದ. "ಔಷಧಿ ಶುರು ಮಾಡಿದೀನಿ ಮೇಡಂ. ಜ್ವರ ಇಳಿಯುತ್ತೆ. ಕಿಡ್ನಿ ಮಾತ್ರ ಪೂರ್ತಿ ಕೂತಿದೆ, ರಕ್ತ ಶುದ್ಧಿ ಮಾಡೋ ಮೆಷಿನ್‌ಗೆ ಹಾಕಿದೀವಿ." ಆಮೇಲೆ ದನಿ ಮೆತ್ತಗೆ ಮಾಡಿ, "ಬೇಜಾರು ಮಾಡ್ಕೋಬೇಡಿ. ಆ ಜಾಗದಲ್ಲಿದ್ರೆ ಎಂಥೋರಿಗೂ ತಪ್ಪುತ್ತೆ" ಎಂದ.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾಮ್‌ಸುಕ್ ಫೋನು ಹಿಡಿದ ಕೈಯನ್ನು ನೋಡಿಕೊಂಡಳು. ಕಿವಿಯಿಂದ ಕತ್ತಿನವರೆಗೆ ಬಿಸಿ ಇಳಿಯಿತು. ತಪ್ಪುವುದಕ್ಕೆ ನೋಡಿರಬೇಕಲ್ಲ!

ಹತ್ತು ದಿನ ಬಿಟ್ಟು ಅವಳು ಆಸ್ಪತ್ರೆಗೆ ಹೋದಳು. ಪಿಲ್‌ಬುನ್ ಒಣಗಿದ ಸೊಪ್ಪಿನ ಹಾಗೆ ಮಲಗಿದ್ದಳು. ಜ್ವರ ಹೋಗಿತ್ತು. ಹೋಗುವಾಗ ಕಿವಿಯನ್ನೂ ಒಯ್ದಿತ್ತು. ಹತ್ತಿರ ಹೋಗಿ ಕೂಗಿದರೆ ಮಾತ್ರ ಏನೋ ಕೇಳುತ್ತಿತ್ತು. ಪಕ್ಕದಲ್ಲಿ ಮಗಳು ಚೊಂಗಿಮ್ ಇದ್ದಳು, ಪಟ್ಟಣದಲ್ಲಿ ಕೂದಲು ಕತ್ತರಿಸುವ ಅಂಗಡಿ ಇಟ್ಟವಳು. ನಾಮ್‌ಸುಕ್‌ಳನ್ನು ಕಂಡದ್ದೇ ಎದ್ದು ನಿಂತಳು.

"ಊರೋರ ಬಟ್ಟೆಯೆಲ್ಲ ಬಿಚ್ಚಿಸ್ತೀರಂತೆ. ನಮ್ಮಮ್ಮಂದು ಮಾತ್ರ ಯಾಕೆ ಕಾಣ್ಲಿಲ್ಲ ನಿಮಗೆ?"

ನಾಮ್‌ಸುಕ್ ಬಾಯಿ ತೆರೆದಳು. ಮಾತು ಹೊರಡುವ ಮೊದಲೇ ಹಾಸಿಗೆಯಿಂದ ದನಿ ಬಂತು. ಮಗಳ ಮಾತು ಕೇಳಿಸದಿದ್ದರೂ ಮುಖ ನೋಡಿ ಪಿಲ್‌ಬುನ್‌ಗೆ ಎಲ್ಲ ಗೊತ್ತಾಗಿತ್ತು.

"ಬೈಬ್ಯಾಡ ಕಣೆ. ಅವರೇನ್ ಮಾಡ್ತಾರೆ? ಬಿಚ್ಚಿ ಬಿಚ್ಚಿ ಅಂತ ಬಡ್ಕೊಂಡ್ರು. ನಾನೇ ಒಲ್ಲೆ ಅಂದೆ. ಕೈ ಹಿಡ್ಕೊಂಡ್ಬಿಟ್ಟೆ. ನಾಚ್ಕೆ ಆಯ್ತು."

ಮಗಳು ತಣ್ಣಗಾದಳು. "ಎಂಥ ಅಮ್ಮ ನೀನು" ಎಂದು ಕಣ್ಣೊರೆಸಿಕೊಂಡು, ನಾಮ್‌ಸುಕ್‌ಳಿಗೆ ಬಾರ್ಲಿ ಕಷಾಯ ಬಗ್ಗಿಸಿ ಕೊಟ್ಟು, ಕ್ಷಮಿಸಿ ಎಂದು ತಲೆ ಬಗ್ಗಿಸಿದಳು. ನಾಮ್‌ಸುಕ್ ಲೋಟ ತೆಗೆದುಕೊಂಡು ಕುಡಿದಳು. ನಿಜ ಹೇಳಲು ಇನ್ನೊಂದು ಅವಕಾಶ ಎದುರಿಗೇ ಬಂದು ನಿಂತಿತ್ತು. ಅವಳು ಕಷಾಯ ಕುಡಿದು ಲೋಟ ಕೆಳಗಿಟ್ಟಳು, ಅಷ್ಟೆ.

ಊರಿನಲ್ಲಿ ಕಥೆ ಬೇಗ ಹಬ್ಬಿತು. ಹಬ್ಬಿಸಿದವಳು ಇಮ್‌ದೊಕ್. "ಸೋಜಾಂಗ್ ಬಿಚ್ಚಿ ಅಂದ್ರೆ ಇವ್ಳು ಒಲ್ಲೆ ಅಂದ್ಲಂತೆ! ನಾಚ್ಕೆಯಂತೆ! ಎಪ್ಪತ್ತೊಂದಕ್ಕೆ ನಾಚ್ಕೆ! ಯಾವ ಗಂಡಸು ಬಂದು ನೋಡ್ತಾನೋ ಅಂತ ಕಾದಿದ್ಲೋ ಏನೋ!" ಸಮುದಾಯ ಭವನದಲ್ಲಿ ಇಸ್ಪೀಟಾಡುವ ಮುದುಕಿಯರು ಹೊಟ್ಟೆ ಹಿಡಿದು ನಕ್ಕರು. "ಪಿಲ್‌ಬುನ್ ಮಾಡ್ದಂಗೆ ಮಾಡ್ಬ್ಯಾಡ" ಎಂಬುದು ಮಾತಿನಲ್ಲಿ ಸೇರಿಹೋಯಿತು. ಜ್ವರದವರು ಈಗ ಕೇಂದ್ರದ ಬಾಗಿಲಲ್ಲೇ ಗುಂಡಿ ಬಿಚ್ಚಿಕೊಂಡು ಬರುತ್ತಿದ್ದರು. "ನಾನೇನು ಪಿಲ್‌ಬುನ್ ಅಲ್ಲಮ್ಮ, ನೋಡ್ಕೊಳ್ಳಿ" ಎನ್ನುತ್ತಿದ್ದರು. ನಾಮ್‌ಸುಕ್ ದೀಪ ಹಿಡಿದು ಅವರ ಕಂಕುಳು, ಬೆನ್ನು ನೋಡುತ್ತಿದ್ದಳು. ಯಾರಾದರೂ ಆ ಹೆಸರೆತ್ತಿ ನಕ್ಕರೆ ಅವಳ ಕೈ ಅಲ್ಲೇ ನಿಲ್ಲುತ್ತಿತ್ತು. ತನ್ನ ಪಾಲಿನ ನಾಚಿಕೆಯನ್ನು ಆ ಮುದುಕಿ ಹೊತ್ತು ಮಲಗಿದ್ದಾಳೆ. ಯಾಕೆ ಹೊತ್ತಳು ಎಂಬುದು ಅವಳಿಗೆ ಅರ್ಥವಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಡಿಸೆಂಬರ್ ಮೊದಲ ವಾರ ಪಿಲ್‌ಬುನ್ ಮನೆಗೆ ಬಂದಳು. ಮೂತ್ರಪಿಂಡ ಅರ್ಧಕ್ಕರ್ಧ ಚೇತರಿಸಿಕೊಂಡಿತ್ತು, ಯಂತ್ರ ತಪ್ಪಿತ್ತು. ಆದರೆ ಬೆಟ್ಟ ಹತ್ತುವ ಹಾಗಿರಲಿಲ್ಲ, ಉಪ್ಪು ತಿನ್ನುವ ಹಾಗಿರಲಿಲ್ಲ, ಕಿವಿ ಹಾಗೇ ಮುಚ್ಚಿತ್ತು. ಅವಳು ಬಂದ ಮೂರನೆಯ ದಿನ ಆ ಮನೆಯಲ್ಲಿ ಚಳಿಗಾಲಕ್ಕೆ ಕಿಮ್ಚಿ ಉಪ್ಪಿನಕಾಯಿ ಹಾಕುವ ಕೆಲಸವಿತ್ತು. ನಾಮ್‌ಸುಕ್ ಅದನ್ನು ಮರೆತಿದ್ದಳು. ಹತ್ತು ಗಂಟೆಯ ಹೊತ್ತಿಗೆ, ಅಜ್ಜಿಯೊಬ್ಬಳೇ ಇರುತ್ತಾಳೆ, ಹೇಳಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಬಂದವಳಿಗೆ ಅಂಗಳದಲ್ಲಿ ಎಂಟು ಹೆಂಗಸರು, ನೂರಿಪ್ಪತ್ತು ಎಲೆಕೋಸು, ಬೋಗುಣಿ ತುಂಬ ಕೆಂಪು ಖಾರ ಕಂಡವು.

ಪಿಲ್‌ಬುನ್ ಮೂಲೆಯಲ್ಲಿ ಎತ್ತರದ ಮಣೆಯ ಮೇಲೆ ಕೂತು ಎಲೆಗಳ ನಡುವೆ ಖಾರ ಸವರುತ್ತಿದ್ದಳು. ನಾಮ್‌ಸುಕ್ ಅವಳ ಪಕ್ಕ ಕುಕ್ಕರಿಸಿ, ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದಳು.

"ಅಜ್ಜಿ, ಆವತ್ತು ನಾನು ಬಿಚ್ಚಿ ಅನ್ಲಿಲ್ಲ."

"ಆಂ?"

"ಬಿಚ್ಚಿ ಅನ್ಲಿಲ್ಲ ನಾನು."

"ಬಿಸಿನಾ? ಬಿಸಿನೀರು ಒಳಗಿದೆ, ಹೋಗಿ ತಗೊಳ್ಳಿ."

ಹೆಂಗಸರು ನಕ್ಕರು. "ಕೂಗ್ರಮ್ಮ, ಅವಳ ಕಿವಿ ಈಗ ಗೋಡೆ" ಎಂದಳು ಇಮ್‌ದೊಕ್. ನಾಮ್‌ಸುಕ್ ಸುತ್ತ ನೋಡಿದಳು. ಇನ್ನೊಂದು ದಿನ ಬರೋಣ ಎಂದು ಕಾಲು ಎದ್ದೇಳಲು ನೋಡಿತು. ಫೋನು ಇಟ್ಟುಬಿಟ್ಟಿದ್ದ ಆ ಶನಿವಾರದಂತೆ ಇದೂ ಆಗುತ್ತದೆ ಎಂದು ಗೊತ್ತಾಗಿ, ಕಣ್ಣು ಮುಚ್ಚಿ ಕೂಗಿದಳು.

"ಆವತ್ತು ನಿಮ್ಮ ಬಟ್ಟೆ ಬಿಚ್ಚಿ ಅಂತ ನಾನು ಹೇಳ್ಲೇ ಇಲ್ಲ! ನೀವು ಒಲ್ಲೆ ಅನ್ಲಿಲ್ಲ! ನಾನೇ ನೋಡ್ಲಿಲ್ಲ!"

ಮೂಲಂಗಿ ತುರಿಯುತ್ತಿದ್ದ ಸದ್ದು ನಿಂತಿತು.

ಪಿಲ್‌ಬುನ್ ಮಾತ್ರ ಎಲೆಗೆ ಖಾರ ಸವರುತ್ತಲೇ ಇದ್ದಳು. "ಅದು ನಂಗೊತ್ತಿಲ್ವಾ?" ಎಂದಳು. ಕಿವುಡಿಯಾದ ಮೇಲೆ ಅವಳ ದನಿ ಏರಿತ್ತು, ಗುಟ್ಟೂ ಬೀದಿಗೆ ಕೇಳುತ್ತಿತ್ತು. "ನಾನೇ ಕೂತಿದ್ನಲ್ಲ ಅಲ್ಲಿ. ವಾಸ್ನೆ ಬರ್ತಿತ್ತು ನಂಗೆ. ನೀವು ಮುಖ ಆಚೆ ಮಾಡಿದ್ದು ನೋಡ್ದೆ. ಬಿಚ್ಚಿ ಅನ್ನದೇ ಇದ್ರೆ ಸಾಕು ಅಂತ ನಾನೂ ಸುಮ್ನಾದೆ. ಒಳಗಿನ ಬಟ್ಟೆ ಇನ್ನೂ ಕೊಳಕಿತ್ತು. ನನ್ನ ಕೊಳಕಿಗೆ ನಿಮ್ಮ ಕೆಲಸ ಯಾಕೆ ಹೋಗ್ಬೇಕು ಅಂತ ಮಗಳಿಗೆ ಹಂಗಂದೆ. ಬಿಡಿ, ಆಗಿದ್ದಾಯ್ತು."

ಯಾರೋ ಒಬ್ಬಳು "ಪಾಪ" ಎಂದಳು. ಯಾರಿಗೆ ಅಂದಳೋ. ಅಷ್ಟಕ್ಕೇ ನಿಲ್ಲಿಸಿ ಎದ್ದಿದ್ದರೆ ಊರು ಎರಡು ದಿನ ಮಾತಾಡಿ ಮರೆಯುತ್ತಿತ್ತು. ಆದರೆ ಅಜ್ಜಿ ಮನ್ನಿಸಿದ್ದು ಅವಳು ಕಂಡ ತಪ್ಪನ್ನು. ಅವಳು ಕಾಣದ ತಪ್ಪು ಇನ್ನೂ ಉಳಿದಿತ್ತು.

"ಇನ್ನೊಂದಿದೆ ಅಜ್ಜಿ! ಶುಕ್ರವಾರ ಡಾಕ್ಟ್ರು ನಂಗೆ ಫೋನ್ ಮಾಡಿದ್ರು! ಮೈಯೆಲ್ಲ ನೋಡಿದ್ರಾ ಅಂತ ಕೇಳಿದ್ರು! ನೋಡಿದೆ ಅಂದೆ! ನನ್ನ ಮಾತು ನಂಬಿ ಅವ್ರು ಹುಡುಕ್ಲಿಲ್ಲ!"

ಪಿಲ್‌ಬುನ್‌ಳ ಕೈ ನಿಂತಿತು. ಅವಳು ಮುಖವೆತ್ತಿ ನಾಮ್‌ಸುಕ್‌ಳ ತುಟಿಗಳನ್ನು ನೋಡಿದಳು.

"ಯಾವತ್ತು?"

"ಶುಕ್ರವಾರ!"

"ಹಕ್ಕಳೆ ಸಿಕ್ಕಿದ್ದು ಭಾನುವಾರ."

"ಹೌದು."

ಆ 'ಹೌದು' ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಅಜ್ಜಿ ಕೆಂಪು ಕೈಗಳನ್ನು ಮಡಿಲಿನ ಮೇಲೆ ಅಂಗಾತ ಇಟ್ಟುಕೊಂಡಳು. ಆಮೇಲೆ ಈವರೆಗೆ ಯಾರೂ ಅವಳ ಬಾಯಲ್ಲಿ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದಳು: "ನನ್ನ ಮೈ ನೀನು ಯಾವಾಗ ನೋಡ್ದೆ?"

ಇಪ್ಪತ್ತಾರು ವರ್ಷದಲ್ಲಿ ಅವಳು ನಾಮ್‌ಸುಕ್‌ಳನ್ನು 'ನೀನು' ಎಂದದ್ದು ಅದೇ ಮೊದಲು.

"ನೋಡ್ದೆ ಇರೋದು ಬೇರೆ. ನಾಯೀನೂ ನಾರೋದನ್ನ ಬಿಟ್ಟು ಹೋಗುತ್ತೆ. ಆದ್ರೆ ನೋಡ್ದೆ ಅಂತ ಹೇಳೋದು... ಎರಡು ದಿನ ನಾನು ಅಲ್ಲಿ ನಮ್ಮಮ್ಮನ್ನ ಕರೀತಾ ಇದ್ನಂತೆ. ಸತ್ತು ಐವತ್ತು ವರ್ಷ ಆಯ್ತು ನಮ್ಮಮ್ಮ." ಅವಳು ಮುಂದಿನ ಎಲೆಕೋಸು ಎತ್ತಿಕೊಂಡಳು. "ಹೋಗು. ಕೆಲಸ ಇದೆ ನಮ್ಗೆ."

ನಾಮ್‌ಸುಕ್ ಎದ್ದಳು. ಬೋಗುಣಿಗಳ ನಡುವೆ ದಾರಿ ಮಾಡಿಕೊಂಡು ನಡೆದಳು. ಯಾರೂ ಸರಿದು ಜಾಗ ಬಿಡಲಿಲ್ಲ. ಬೇಲಿ ದಾಟುವಾಗ ಹಿಂದೆ ಇಮ್‌ದೊಕ್‌ಳ ದನಿ ಕೇಳಿಸಿತು. ಬೈಗುಳವಲ್ಲ. "ಕೊಡಿಲ್ಲಿ, ನೀನು ಸುಮ್ನೆ ಕೂತ್ಕೊ, ನಾನು ಸವರ್ತೀನಿ" ಎಂದು ವಾರಗಿತ್ತಿಗೆ ಹೇಳುತ್ತಿದ್ದಳು. ಪಿಲ್‌ಬುನ್‌ಳನ್ನು ಆಡಿಕೊಂಡು ಊರನ್ನೆಲ್ಲ ನಗಿಸಿದ್ದವಳು ಅವಳು. ಅಂದಿನಿಂದ ಆ ಮಾತು ಅವಳ ಬಾಯಲ್ಲಿ ಬರಲಿಲ್ಲ.

ಮರುದಿನ ನಾಮ್‌ಸುಕ್ ಮೊಕ್‌ಗೆ ಫೋನು ಮಾಡಿ ಹೇಳಿದಳು. ಆತ, "ನಾನೂ ಕೈ ಬಿಡಿಸಿ ನೋಡ್ಬೇಕಿತ್ತು" ಎಂದಷ್ಟೇ ಹೇಳಿ ಇಟ್ಟ. ಚೊಂಗಿಮ್‌ಳ ಅಂಗಡಿಗೆ ಹೋಗಿ ಅಲ್ಲೂ ಹೇಳಿದಳು. ಅವಳು ಗಿರಾಕಿಯ ಕೂದಲು ಕತ್ತರಿಸುವುದನ್ನು ನಿಲ್ಲಿಸದೆ, "ನಾನು ನಿಮಗೆ ತಲೆ ಬಗ್ಗಿಸಿದ್ದೆ" ಎಂದಳು. ಜಿಲ್ಲಾ ಕಚೇರಿಗೆ ಬರೆದುಕೊಟ್ಟಾಗ ಅಧಿಕಾರಿ ಕಾಗದವನ್ನು ಎರಡು ಸಲ ಓದಿ, "ಯಾರೂ ದೂರು ಕೊಟ್ಟಿಲ್ಲವಲ್ಲಮ್ಮ, ಯಾಕೆ ಕೆದಕ್ತೀರಿ?" ಎಂದ. ಅವಳು ಕಾಗದ ವಾಪಸು ತೆಗೆದುಕೊಳ್ಳಲಿಲ್ಲ. ಒಂದು ಲಿಖಿತ ಎಚ್ಚರಿಕೆ ಬಂತು. ಒಂದು ವರ್ಷದ ವೇತನ ಬಡ್ತಿ ಹೋಯಿತು. ಹಗುರಾಗುತ್ತೇನೆ ಎಂದುಕೊಂಡಿದ್ದಳು. ಆಗಲಿಲ್ಲ.

ಪಾಠಕ್ಕೆ ಇನ್ನು ಕರೆಯಲಾರರು ಎಂದುಕೊಂಡಿದ್ದರೆ ಮುಂದಿನ ಸೆಪ್ಟೆಂಬರಿನಲ್ಲಿ ಮತ್ತೆ ಕರೆದರು. ಹೊಸ ನರ್ಸುಗಳ ಮುಂದೆ ನಿಂತು, ನಲವತ್ತಮೂರು ಹಕ್ಕಳೆಗಳ ಕಥೆ ಬಿಟ್ಟು, ಈ ಒಂದನ್ನು ಹೇಳಿದಳು. ಬೇರೆ ಯಾರದೋ ಎಂಬಂತೆ ಹೇಳೋಣ ಎಂದುಕೊಂಡು ಶುರು ಮಾಡಿ, ನಡುವೆ 'ನಾನು' ಎಂದುಬಿಟ್ಟಳು. ಒಬ್ಬ ಹುಡುಗಿ ಕೈ ಎತ್ತಿ ಕೇಳಿದಳು: "ನೋಡದಿದ್ದದ್ದು ಅರ್ಥ ಆಗುತ್ತೆ ಮೇಡಂ, ಅವತ್ತು ಜನ ಇದ್ರು. ಫೋನಲ್ಲಿ ಯಾಕೆ ನೋಡ್ದೆ ಅಂದ್ರಿ? ಆಗ ಯಾರೂ ಇರ್ಲಿಲ್ವಲ್ಲ?"

"ಕೇಳಿದೋರು ನನ್ನ ತುಂಬ ನಂಬಿದ್ರು" ಎಂದಳು ನಾಮ್‌ಸುಕ್. "ಆ ನಂಬಿಕೆ ಕಳ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ." ಹುಡುಗಿಯರು ಅದನ್ನು ಬರೆದುಕೊಳ್ಳತೊಡಗಿದಾಗ ಅವಳಿಗೆ ಮತ್ತೆ ಮುಖ ಬಿಸಿಯಾಯಿತು. ತಪ್ಪನ್ನೂ ಪಾಠ ಮಾಡಿ ಮಾನ ಗಳಿಸುತ್ತಿದ್ದೇನೆಯೇ ಎಂದು ನಾಚಿ, ಬೇಗ ಮುಗಿಸಿ ಇಳಿದಳು.

ಪಿಲ್‌ಬುನ್ ಆ ವರ್ಷವಿಡೀ ಕೇಂದ್ರಕ್ಕೆ ಕಾಲಿಡಲಿಲ್ಲ. ಬಿಪಿ ಮಾತ್ರೆಗೂ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗುತ್ತಿದ್ದಳು. ಬಸ್ಸು ನಿಲ್ಲುವುದು ಕೇಂದ್ರದ ಎದುರಿಗೇ. ತಿಂಗಳಿಗೊಮ್ಮೆ ನಾಮ್‌ಸುಕ್ ಕಿಟಕಿಯಿಂದ ಅವಳ ಬೆನ್ನು ನೋಡುತ್ತಿದ್ದಳು.

ಅಕ್ಟೋಬರ್ ಕೊನೆಯಲ್ಲಿ ಇಮ್‌ದೊಕ್‌ಗೆ ಜ್ವರ ಬಂತು. ಪಟ್ಟಣದ ಬಸ್ಸಿನಲ್ಲಿ ಕೂರುವ ಶಕ್ತಿ ಇಲ್ಲ, ಇಲ್ಲೇ ತೋರಿಸು ಎಂದು ಅವಳು ಹಟ ಹಿಡಿದಳಂತೆ. ಪಿಲ್‌ಬುನ್ ಅವಳ ರಟ್ಟೆ ಹಿಡಿದು ನಡೆಸಿಕೊಂಡು ಬಂದಳು. ಕಿವಿಯಲ್ಲಿ ಹೊಸ ಯಂತ್ರವಿತ್ತು. ನಾಮ್‌ಸುಕ್‌ಳ ಮುಖ ನೋಡದೆ, ಪರದೆಯ ಒಳಗೆ ಬಂದು ಗೋಡೆಗೆ ಒರಗಿ ನಿಂತಳು.

"ನಾನಿಲ್ಲೇ ಇರ್ತೀನಿ. ನೋಡಿ."

ಬಹುವಚನ ವಾಪಸು ಬಂದಿತ್ತು. ಅದರಲ್ಲಿ ಸಲುಗೆ ಇರಲಿಲ್ಲ.

ನಾಮ್‌ಸುಕ್ ಬಾಗಿಲಿಗೆ ಚಿಲಕ ಹಾಕಿ, ಹೀಟರು ಹತ್ತಿರ ಎಳೆದು, ಇಮ್‌ದೊಕ್‌ಳ ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿದಳು. ಕೂದಲು ಬೈತಲೆ ಬೈತಲೆಯಾಗಿ ಬಿಡಿಸಿದಳು. ಕಿವಿಯ ಹಿಂದೆ, ಕಂಕುಳು, ಮೊಲೆಯ ಕೆಳಗೆ, ಹೊಕ್ಕುಳು, ತೊಡೆಸಂದಿ, ಪೃಷ್ಠ, ಕಾಲ್ಬೆರಳ ಸಂದಿ. ನೋಡಿದ ಜಾಗವನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಹೋದಳು. ಇಮ್‌ದೊಕ್ "ಕಚಗುಳಿ, ಕಚಗುಳಿ" ಎಂದು ಗೊಣಗಿದಳು. ಸೊಂಟದ ಮೇಲೆ ಅಂಟಿಸಿದ್ದ ನೋವಿನ ಪಟ್ಟಿಯನ್ನು "ಇವತ್ತೇ ಹಾಕಿದ್ದು, ತೆಗೀಬ್ಯಾಡಿ" ಎಂದು ಕೈ ಅಡ್ಡ ಹಿಡಿದಾಗ ಪಿಲ್‌ಬುನ್ ಗೋಡೆ ಬಿಟ್ಟು ಮುಂದೆ ಬಂದು ಅದನ್ನು ತಾನೇ ಪರ್‍ರನೆ ಕಿತ್ತಳು. ಕೆಳಗೆ ಏನೂ ಇರಲಿಲ್ಲ.

ಹಕ್ಕಳೆ ಎಲ್ಲೂ ಇರಲಿಲ್ಲ. ದದ್ದೂ ಇರಲಿಲ್ಲ. ಬೆನ್ನಿನ ಕೆಳಗೆ ತಟ್ಟಿದರೆ ಮುದುಕಿ ಹೌಹಾರಿದಳು. ಮೂತ್ರದ ಸೋಂಕು. ನಾಮ್‌ಸುಕ್ ಮಾತ್ರೆ ಕೊಟ್ಟು, ನಾಳೆ ರಕ್ತ ಪರೀಕ್ಷೆಗೂ ಹೋಗಿ ಎಂದು ಚೀಟಿ ಬರೆದು, ಮತ್ತೆ ಒಂದೊಂದಾಗಿ ಬಟ್ಟೆ ತೊಡಿಸಿದಳು. ಪಿಲ್‌ಬುನ್ ವಾರಗಿತ್ತಿಯ ಕೋಟಿನ ಗುಂಡಿ ಹಾಕುತ್ತ ಗಡಿಯಾರ ನೋಡಿದಳು.

"ಎಷ್ಟೊತ್ತಾಯ್ತು ಇದೆಲ್ಲ ನೋಡೋಕೆ?" ಎಂದು ಕೇಳಿದಳು.

"ಹದಿನೈದು ನಿಮಿಷ" ಎಂದಳು ನಾಮ್‌ಸುಕ್, ಕೇಳಿಸುವ ಹಾಗೆ.

"ಅಷ್ಟೇನಾ."

ಮೇಲಿನ ಗುಂಡಿಯನ್ನೂ ಹಾಕಿ, ಇಮ್‌ದೊಕ್‌ಳ ರಟ್ಟೆ ಹಿಡಿದು ಪಿಲ್‌ಬುನ್ ಹೊರಗೆ ನಡೆದಳು. ನಾಮ್‌ಸುಕ್ ಕೈ ತೊಳೆಯಲು ನಲ್ಲಿ ತಿರುಗಿಸಿ, ನೀರು ಬಿಟ್ಟುಕೊಂಡು ಹಾಗೇ ನಿಂತಿದ್ದಳು.